ತಪ್ಪು ಅಂಗಡಿಯಲ್ಲಿ, ದಂಡ ರಸ್ತೆಯಲ್ಲಿ

ಹರಿದಾಸ ವಿಜಯದಾಸರು ಹುಟ್ಟಿದ ಚೀಕಲಪರ್ವಿ ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದಲ್ಲಿದೆ. ಇಂಥ ಊರಿನಿಂದ ದಿನವೂ ಮಾನ್ವಿಗೆ ಓದಲು ಹೋಗುವ ಹುಡುಗ ಬಸ್ಸಿಗೆ ಕಾಯಬೇಕು, ಇಲ್ಲವೇ ಮನೆಯಲ್ಲೊಂದು ಗಾಡಿ ಇರಬೇಕು. ಬ್ಯಾಟರಿ ಗಾಡಿ ಮಾರುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ನಂಬರ್ ಬೇಡ, ಲೈಸೆನ್ಸ್ ಬೇಡ, ಹೆಲ್ಮೆಟ್ಟೂ ಬೇಡ: ಈ ಮೂರು ಬೇಡಗಳೇ ಅವರ ಜಾಹೀರಾತು.

ಅದು ಪೂರ್ತಿ ಸುಳ್ಳಲ್ಲ, ತೊಡಕಿರುವುದೇ ಅಲ್ಲಿ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದು, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದ, ಪರೀಕ್ಷೆಯಲ್ಲಿ ಪಾಸಾದ ಗಾಡಿಯನ್ನು ಮೋಟಾರು ವಾಹನವೆಂದೇ ಲೆಕ್ಕಿಸುವುದಿಲ್ಲ. ಇದನ್ನು ಮೀರಿದ್ದಕ್ಕೆ ನೋಂದಣಿ, ವಿಮೆ, ಲೈಸೆನ್ಸ್, ಹಸಿರು ನಂಬರ್ ಪ್ಲೇಟ್ ಎಲ್ಲವೂ ಬೇಕು.

ಮೀರುವುದಂತೂ ಬಲು ಸುಲಭ. ಸೀಟಿನ ಕೆಳಗೋ ಕಾಲಿಡುವ ಹಲಗೆಯಡಿಯೋ ಕಂಟ್ರೋಲರ್ ಎಂಬ ಪೆಟ್ಟಿಗೆ ಇರುತ್ತದೆ. ಎಷ್ಟೋ ಮಾದರಿಗಳಲ್ಲಿ ಅದರಿಂದ ಹೊರಬಂದ ಒಂದು ಸಣ್ಣ ವೈರೇ ವೇಗಕ್ಕೆ ಕಡಿವಾಣ. ಅದನ್ನು ಕಳಚಿದರೆ ಸಾಕು, 25ಕ್ಕೆ ನಿಲ್ಲಬೇಕಾದ ಗಾಡಿ 40 ದಾಟಲೂಬಹುದು. ಗಾಡಿಯ ಮೈಮೇಲೆ ಗುರುತೇನೂ ಉಳಿಯುವುದಿಲ್ಲ.

ಇಂಥ ಗಾಡಿಗಳನ್ನು ಹಿಡಿಯುವ ಪೊಲೀಸರ ಕಾರ್ಯಾಚರಣೆ ಸೋಲುವುದು ಇಲ್ಲಿಯೇ. ನಂಬರ್ ಪ್ಲೇಟ್ ಇಲ್ಲದಿರುವುದು ಸಕ್ರಮ ಗಾಡಿಗೂ ಅಕ್ರಮ ಗಾಡಿಗೂ ಒಂದೇ ಲಕ್ಷಣ. ಮಾನ್ವಿಯಲ್ಲೋ ದೇವದುರ್ಗದಲ್ಲೋ ರಸ್ತೆಗೆ ಅಡ್ಡ ನಿಂತ ಪೇದೆ ಮೋಟಾರಿನ ಶಕ್ತಿ ಅಳೆಯುವುದಾದರೂ ಹೇಗೆ? ಕ್ಯಾಮೆರಾಕ್ಕೆ ಓದಲು ನಂಬರೇ ಇಲ್ಲ. ಹೀಗಾಗಿ ಎಲ್ಲರನ್ನೂ ಬಿಡಬೇಕು, ಇಲ್ಲವೇ ಸಿಕ್ಕವರನ್ನು ಹಿಡಿಯಬೇಕು. ರಸ್ತೆಯಲ್ಲಿ ಸಿಕ್ಕವರೇ ದಂಡ ತೆರುವುದು ಹೊಸತೇನಲ್ಲ: 2025ರ ಜೂನ್ 16ರಿಂದ ರಾಜ್ಯದಲ್ಲಿ ಬೈಕ್ ಟ್ಯಾಕ್ಸಿ ನಿಂತಾಗಲೂ ಬೆಂಗಳೂರಿನಲ್ಲಿ ಜಪ್ತಿಯಾದದ್ದು ಸವಾರರ ಬೈಕುಗಳು.

ಕಾನೂನಿನ ಕೈ ಮಾತ್ರ ಅಷ್ಟು ಗಿಡ್ಡದಲ್ಲ. ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ನಿನಡಿ ನಿಯಮ ಮೀರಿದ ವಾಹನ ಮಾರುವ ಡೀಲರ್‌ಗೆ ಒಂದು ವರ್ಷದವರೆಗೆ ಜೈಲು ಅಥವಾ ಗಾಡಿಗೆ 1 ಲಕ್ಷ ರೂಪಾಯಿ ದಂಡ ಹಾಕಬಹುದು, ಎರಡನ್ನೂ ವಿಧಿಸಬಹುದು. ಅಪ್ರಾಪ್ತ ಮಕ್ಕಳ ಕೈಗೆ ಮೋಟಾರು ವಾಹನ ಕೊಟ್ಟ ಪೋಷಕರಿಗೆ 199ಎ ಪ್ರಕಾರ 25 ಸಾವಿರ ದಂಡ, ಮೂರು ವರ್ಷದವರೆಗೆ ಸೆರೆ. ಮಗ ಯಾರಿಗಾದರೂ ಗುದ್ದಿದರೆ ವಿಮೆಯಿಲ್ಲದ ಗಾಡಿಯ ಪರಿಹಾರವನ್ನೂ ಅಪ್ಪನೇ ಕಟ್ಟಬೇಕು, ಹೊಲ ಮಾರಿಯಾದರೂ. ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ.

ಬೆನ್ನಟ್ಟಿ ಹಿಡಿಯುವುದಂತೂ ಅಪಾಯ. 2023ರ ಮೇ ತಿಂಗಳಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಎಲೆಕ್ಟ್ರಿಕ್ ಬೈಕಿನಲ್ಲಿದ್ದ ಇಬ್ಬರು ಹದಿಹರೆಯದ ಹುಡುಗರು ಸತ್ತರು. ಅದಕ್ಕೆ ಸ್ವಲ್ಪ ಮುಂಚೆ ಪೊಲೀಸ್ ವ್ಯಾನ್ ಅವರ ಹಿಂದೆ ಇದ್ದದ್ದು ಗೊತ್ತಾಯಿತು. ಅಂದು ರಾತ್ರಿ ಅಲ್ಲಿ ಗಲಭೆಯೇ ನಡೆಯಿತು. ಚೀನಾ ಬೇರೆ ದಾರಿ ಹಿಡಿದಿದೆ: 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಮಾನದಂಡ, ವೇಗದ ಮಿತಿಯನ್ನು ತಿದ್ದಲು ಬಾರದಂತೆ ಗಾಡಿ ತಯಾರಿಸುವ ಹೊಣೆಯನ್ನು ಕಾರ್ಖಾನೆಯ ಮೇಲೇ ಹೊರಿಸಿದೆ.

ರಾಯಚೂರಿನ ಪೊಲೀಸರೂ ಆರ್‌ಟಿಒ ಅಧಿಕಾರಿಗಳೂ ಜೊತೆಯಾಗಿ ಮೊದಲು ಶೋರೂಮಿನ ಮೆಟ್ಟಿಲು ಹತ್ತಲಿ. ಗಾಡಿ ಓಡಿಸಿ ವೇಗ ಅಳೆಯಲಿ. ಕೊಳ್ಳುವವರೂ ದುಡ್ಡು ಎಣಿಸುವ ಮುಂಚೆ ವಾಹನ ಪರೀಕ್ಷಾ ಸಂಸ್ಥೆಗಳಾದ ಎಆರ್‌ಎಐ ಅಥವಾ ಐಕ್ಯಾಟ್ ಕೊಟ್ಟ ಪ್ರಮಾಣಪತ್ರವನ್ನು ಕೇಳಿ, ಅದರಲ್ಲಿರುವ ಮಾದರಿಯ ಹೆಸರೂ ಎದುರಿಗಿರುವ ಗಾಡಿಯ ಹೆಸರೂ ಒಂದೇ ಎಂಬುದನ್ನು ನೋಡಿಕೊಳ್ಳಬೇಕು.