ಅಂಟು ಮತ್ತು ನೆನಪು

ಉರ್ದು ಶಾಲೆಯಲ್ಲಿ ಕಲಿತವರಿಗೆ ‘ಬಯಾಝ್’ ಎಂಬ ಮಾತು ಹೊಸತಲ್ಲ. ಮೆಚ್ಚಿದ ಶೇರ್‌ಗಳನ್ನು, ಎಲ್ಲೋ ಕೇಳಿದ ಒಳ್ಳೆಯ ಮಾತುಗಳನ್ನು ಬರೆದಿಟ್ಟುಕೊಳ್ಳುವ ಖಾಸಗಿ ಪುಸ್ತಕ ಅದು. ಅದರ ಶ್ರೀಮಂತ ಬಂಧು ‘ಮುರಕ್ಕಾ’. ಬೇರೆ ಬೇರೆ ಕಡೆಗಳಿಂದ ತಂದ ಚಿತ್ರ, ಸುಂದರ ಕೈಬರಹದ ಹಾಳೆಗಳನ್ನು ಒಂದೇ ಹೊತ್ತಗೆಯಲ್ಲಿ ಕೂಡಿಸಿದ್ದು. ಶಬ್ದದ ಮೂಲಾರ್ಥ ‘ತೇಪೆ ಹಾಕಿದ್ದು’ ಎಂದೇ. ಜಹಾಂಗೀರನ ಕಾಲದ ‘ಗುಲ್ಶನ್’ ಮುರಕ್ಕಾದ ಬಹುಭಾಗ ಇಂದಿಗೂ ಟೆಹರಾನಿನ ಗುಲಿಸ್ತಾನ್ ಅರಮನೆಯಲ್ಲಿದೆ. ಅತ್ತ ಅಮೆರಿಕದ ಮಾರ್ಕ್ ಟ್ವೈನ್ 1873ರಲ್ಲಿ ಮೊದಲೇ ಅಂಟು ಬಳಿದಿಟ್ಟ ಸ್ಕ್ರ್ಯಾಪ್ ಪುಸ್ತಕಕ್ಕೆ ಪೇಟೆಂಟ್ ಪಡೆದ. ಕಥೆಗಾರನೊಬ್ಬ ಖಾಲಿ ಪುಟಗಳನ್ನು ಮಾರಿ ದುಡ್ಡು ಮಾಡಿದ ಎಂಬುದು ನಮ್ಮಂಥವರಿಗೆ ಹೊಟ್ಟೆಕಿಚ್ಚಿನ ಸಂಗತಿ.

ನಮ್ಮಲ್ಲಾದರೋ ಸ್ಕ್ರ್ಯಾಪ್ ಪುಸ್ತಕವೆಂದರೆ ಶಾಲಾ ಮಕ್ಕಳ ಪ್ರಾಜೆಕ್ಟ್ ಎಂಬ ತಾತ್ಸಾರ. ಏನನ್ನು ಆರಿಸಿದರು, ಏನನ್ನು ಬಿಟ್ಟರು, ಯಾವುದರ ಪಕ್ಕ ಯಾವುದನ್ನಿಟ್ಟರು ಎಂದು ಕೇಳಿದರೆ ಅದೂ ಒಂದು ಕೃತಿಯೇ. ಮಡಂತ್ಯಾರಿನ ಒಂದು ಮನೆಯಲ್ಲಿ ಇತ್ತೀಚೆಗೆ ಅಂಥದ್ದೊಂದನ್ನು ಓದಿದೆವು.

ಅಡಿಕೆ ಅಂಗಡಿಯ ಹಳೆಯ ಲೆಕ್ಕದ ಪುಸ್ತಕ. ಬರೆಯದೆ ಉಳಿದ ಹಾಳೆಗಳಲ್ಲಿ ಆ ಮನೆಯ ಉಮ್ಮ ತಮ್ಮ ಬದುಕನ್ನು ಅಂಟಿಸಿಟ್ಟಿದ್ದಾರೆ. ಮಕ್ಕಳ ಚುಚ್ಚುಮದ್ದಿನ ಕಾರ್ಡು, ಬಂಧುಗಳ ಮದುವೆಯ ಕಾಗದಗಳು, ಕಂಡಕ್ಟರ್ ತೂತು ಮಾಡಿಕೊಟ್ಟ ಬಸ್ ಟಿಕೆಟ್, ಕೊಲ್ಲಿಯಿಂದ ಬಂದ ಲಕೋಟೆಗಳು. ಆದರೆ ಅತಿ ಹೆಚ್ಚು ಪುಟಗಳು ಸಂದಿರುವುದು ಬೀಡಿಯ ಪಾಸ್‌ಬುಕ್ಕುಗಳಿಗೆ. ಎಲೆ ಇಷ್ಟು, ಹೊಗೆಸೊಪ್ಪು ಇಷ್ಟು, ಬ್ರಾಂಚಿಗೆ ಕೊಟ್ಟ ಬೀಡಿ ಇಷ್ಟು. ಬೇರೆ ಮನೆಗಳಲ್ಲಿ ಮದುವೆಯ ಆಲ್ಬಂ ಕುಳಿತುಕೊಳ್ಳುವ ಜಾಗದಲ್ಲಿ ಇಲ್ಲಿ ದುಡಿಮೆಯ ಲೆಕ್ಕ ಕುಳಿತಿದೆ. ಒಂದು ಪಾಸ್‌ಬುಕ್ಕಿನ ಪಕ್ಕ ಮಗಳ ಕೈಬರಹದಲ್ಲಿ ಒಂದು ಸಾಲು: ಆ ವರ್ಷದ ಬೀಡಿಯ ದುಡ್ಡಿನಲ್ಲಿ ಯಾರ ಶಾಲೆಯ ಫೀಸು ಕಟ್ಟಿದ್ದೆಂದು. ಇಡೀ ಪುಸ್ತಕದಲ್ಲಿ ನಮಗೆ ದೊಡ್ಡದಾಗಿ ಕಂಡದ್ದು ಆ ಸಾಲು. 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು, 1977ರಲ್ಲಿ ಭವಿಷ್ಯನಿಧಿಯೂ ಬೀಡಿ ಉದ್ಯಮಕ್ಕೆ ಬಂತು. ಆದರೂ ಇಂಥ ಹೆಂಗಸರ ಹೆಸರು ಅಚ್ಚಿನಲ್ಲಿ ಎಲ್ಲಿದೆ? ಅವರ ಆತ್ಮಕಥೆಗೆ ಹತ್ತಿರವಾದದ್ದು ಏನಾದರೂ ಇದ್ದರೆ ಅದು ಈ ಮಾಸಿದ ಪಾಸ್‌ಬುಕ್ಕೇ.

ದೋಷಗಳನ್ನೂ ಹೇಳಬೇಕು. ಲಕೋಟೆಗಳ ಅಂಚೆಚೀಟಿಗಳನ್ನು ಮಕ್ಕಳು ಕತ್ತರಿಸಿಕೊಂಡಿದ್ದಾರೆ. ಅದರೊಂದಿಗೆ ಮೊಹರೂ ಹೋಯಿತು, ಮೊಹರಿನೊಂದಿಗೆ ತಾರೀಕು ಹೋಯಿತು. ಅಲ್ಲಲ್ಲಿ ಸೆಲ್ಲೋ ಟೇಪು. ಅದರ ಪ್ಲಾಸ್ಟಿಕ್ಕು ಕೆಲವು ವರ್ಷಗಳಲ್ಲಿ ಒಣಗಿ ಉದುರುತ್ತದೆ, ಅಂಟು ಮಾತ್ರ ಕಂದುಬಣ್ಣಕ್ಕೆ ತಿರುಗಿ ಕಾಗದದೊಳಗೆ ಇಳಿಯುತ್ತದೆ. ಪತ್ರಿಕೆಯ ತುಣುಕುಗಳದ್ದು ಇನ್ನೊಂದು ಕಾಟ. ನ್ಯೂಸ್‌ಪ್ರಿಂಟಿನಲ್ಲಿ ಮರದ ಲಿಗ್ನಿನ್ ಉಳಿದಿರುವುದರಿಂದ ಆಮ್ಲ ಹುಟ್ಟಿ, ತಾನು ಹಳದಿಯಾಗುವುದಲ್ಲದೆ ಎದುರು ಪುಟಕ್ಕೂ ತನ್ನ ನೆರಳು ಬಿಡುತ್ತದೆ. ಮೈದಾ ಗೋಂದು ಬಳಸಿದ ಪುಟಗಳೇ ವಾಸಿ. ನೀರು ತಾಗಿಸಿ ಬಿಡಿಸಬಹುದು, ಫೆವಿಕಾಲಿನಲ್ಲಿ ಅದು ಸಾಧ್ಯವಿಲ್ಲ. ಆದರೆ ಮೈದಾದ ಆಸೆಗೆ ಜಿರಳೆ ಬರುತ್ತದೆ. ಹಿಂದೆ ಪುಸ್ತಕ ಕಟ್ಟುವವರು ಗೋಂದಿಗೆ ಮೈಲುತುತ್ತು ಬೆರೆಸುತ್ತಿದ್ದರು. ವಿಷ ಅದು, ಮಕ್ಕಳು ಮುಟ್ಟುವ ಪುಸ್ತಕಕ್ಕೆ ಬೇಡ. ಅಂಟೇ ಇಲ್ಲದೆ, ಹಾಳೆಯಲ್ಲಿ ನಾಲ್ಕು ಸೀಳು ಕೊಯ್ದು ಮೂಲೆಗಳನ್ನು ಸಿಕ್ಕಿಸುವುದು ಎಲ್ಲಕ್ಕಿಂತ ಮೇಲು.

ಆ ಮನೆಯ ಮೊಮ್ಮಗನಿಗೆ ಇದಾವುದೂ ಬೇಕಿಲ್ಲ. ಪುಸ್ತಕವನ್ನು ಬಿಡಿಸಿ, ಪುಟಪುಟವನ್ನೂ ಲ್ಯಾಮಿನೇಷನ್ ಮಾಡಿಸಬೇಕೆಂಬುದು ಅವನ ಹಟ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಅವನ ಹೆದರಿಕೆ ಸುಳ್ಳಲ್ಲ. ಆದರೆ ಲ್ಯಾಮಿನೇಷನ್ ಎಂದರೆ ಬಿಸಿ ಮತ್ತು ಅಂಟು. ಒಮ್ಮೆ ಒಳಹೋದ ಕಾಗದ ಮತ್ತೆ ಕಾಗದವಾಗಿ ಹೊರಬರುವುದಿಲ್ಲ. ಯಂತ್ರದಿಂದ ಬರುವ ಈಗಿನ ಬಸ್ ಟಿಕೆಟನ್ನೋ ಎಟಿಎಂ ಚೀಟಿಯನ್ನೋ ಕೊಟ್ಟರಂತೂ ಬಿಸಿ ತಾಗಿ ಕಪ್ಪಾಗಿಬಿಡುತ್ತದೆ. ಅವನ್ನು ಜೆರಾಕ್ಸ್ ಮಾಡಿಸಿ ಆ ಪ್ರತಿಯನ್ನೇ ಇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ಲಾಸ್ಟಿಕ್ಕಿನೊಳಗೆ ಸೇರಿದ ಪಾಸ್‌ಬುಕ್ಕಿನ ಪಕ್ಕ ಇನ್ನೊಂದು ಸಾಲು ಬರೆಯಲು ಯಾರಿಗೂ ಆಗುವುದಿಲ್ಲ.

ಕಾಪಾಡುವುದೆಂದರೆ ಮುಚ್ಚಿಡುವುದೇ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಹಳೆಯದು. ಮಡಂತ್ಯಾರಿನಿಂದ ಬಹಳ ದೂರವಿಲ್ಲದ ಮೂಡುಬಿದಿರೆಯನ್ನೇ ನೋಡಿ. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ ಮೊದಲಾದ ತಾಳೆಗರಿಯ ಗ್ರಂಥಗಳಿದ್ದವು. ಶತಮಾನಗಳ ಕಾಲ ಯಾತ್ರಿಕರು ಅವುಗಳ ದರ್ಶನ ಪಡೆದರು, ಓದಿದವರು ವಿರಳ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ತೆಗೆಯುವ ಕೆಲಸ ಆರಂಭವಾದಾಗ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದು ಉತ್ತರದ ಸಹಾರನ್‌ಪುರ ಸೇರಿತು, ಅಲ್ಲಿಂದ ಪ್ರತಿಯ ಪ್ರತಿಗಳು ಹಬ್ಬಿದವು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು. ಆ ಗುಟ್ಟಿನ ನೀತಿಯ ಬಗ್ಗೆ ತಕರಾರು ಇರಬಹುದು. ಗ್ರಂಥ ಲೋಕಕ್ಕೆ ದಕ್ಕಿದ್ದು ಅದರಿಂದ ಎಂಬುದಕ್ಕೆ ತಕರಾರಿಲ್ಲ. ಮುಚ್ಚಿಟ್ಟವರ ಶ್ರದ್ಧೆಯನ್ನು ಹಗುರ ಮಾಡುವುದೂ ಸಲ್ಲ. ಜೈನರಲ್ಲಿ ಶ್ರುತಪಂಚಮಿಯ ದಿನ ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ಬಟ್ಟೆ ಸುತ್ತಿ ಪೂಜಿಸುವ ಪದ್ಧತಿಯಿದೆ. ವರ್ಷಕ್ಕೊಮ್ಮೆ ಗಾಳಿ ಬೆಳಕು ಕಾಣಿಸುವ ಈ ವಿವೇಕ ನಮ್ಮ ಕಪಾಟುಗಳಿಗೂ ಬೇಕು. ಮಳೆ ಬಿಟ್ಟ ಮೇಲೆ, ಡಿಸೆಂಬರ್ ಜನವರಿಯ ಒಣ ಹವೆಯಲ್ಲಿ, ಬಿಸಿಲಿಗಲ್ಲ, ನೆರಳಿನಲ್ಲಿ ಪುಟ ತೆರೆದಿಟ್ಟರೆ ಬೂಷ್ಟು ಹಿಡಿಯುವುದು ಕಡಿಮೆ. ಹೊರಗೋಡೆಗೆ ತಾಗಿದ ಕಪಾಟು ಮಾತ್ರ ಬೇಡ.

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಓದಿದವರಿಗೆ ನೆನಪಿರುತ್ತದೆ, ಆ ಅಜ್ಜಿ ಒಂದು ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲವೆಲ್ಲ ಅವಳ ಕಣ್ಣಿಗೆ ಕಟ್ಟುತ್ತಿತ್ತು. ಕಾದಂಬರಿಯಲ್ಲಿ ಅದು ಒಪ್ಪುತ್ತದೆ. ಮನೆಯ ಪುಸ್ತಕಕ್ಕೆ ಮೂಕಜ್ಜಿ ಸಿಗುವುದಿಲ್ಲ. ಯಾರು, ಯಾವಾಗ, ಎಲ್ಲಿ ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಡಬೇಕು. ಮಡಂತ್ಯಾರಿನ ಆ ಪುಸ್ತಕದಲ್ಲಿ ಪಾಸ್‌ಬುಕ್ಕಿಗೆ ಸಾಲು ಸಿಕ್ಕಿದೆ, ಲಕೋಟೆಗಳಿಗೆ ಸಿಕ್ಕಿಲ್ಲ. ಯಾವುದು ದಮ್ಮಾಮಿನಿಂದ ಬಂದದ್ದು, ಯಾವುದು ದುಬೈಯಿಂದ ಎಂದು ಬಲ್ಲವರು ಉಮ್ಮ ಒಬ್ಬರೇ. ಅವರಿಗೆ ಎಪ್ಪತ್ತು ದಾಟಿದೆ. ಮೊಮ್ಮಗ ಲ್ಯಾಮಿನೇಷನ್ ಅಂಗಡಿಗೆ ಹೋಗುವ ಮುಂಚೆ ಒಂದು ಪೆನ್ಸಿಲ್ ಹಿಡಿದು ಅವರ ಪಕ್ಕ ಕೂರಲಿ ಎಂದು ಹೇಳಿ ಬಂದಿದ್ದೇವೆ. ಈ ಲೇಖನ ಬರೆಯುವ ಹೊತ್ತಿಗೆ ಮೂರು ಲಕೋಟೆಗಳಾಗಿವೆಯಂತೆ.