ಟರ್ಮಿನಲ್ ಕಳಚಿ ಕೊಡುವ ತೀರ್ಪು

ಕಾರಿನ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಎಂದರೆ ಕೆಲವು ಗ್ಯಾರೇಜುಗಳಲ್ಲಿ ಇವತ್ತಿಗೂ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಒಂದು ಟರ್ಮಿನಲ್ ಕಳಚುತ್ತಾರೆ. ಎಂಜಿನ್ ನಿಂತಿತೋ, ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಹೋಗಿದೆ. ನಿಲ್ಲಲಿಲ್ಲವೋ, ಬ್ಯಾಟರಿ ಹೋಗಿದೆ. ಡೈನಮೋ ಇದ್ದ ಹಳೆಯ ಅಂಬಾಸಿಡರ್ ಕಾಲಕ್ಕೆ ಇದು ಹೇಗೋ ನಡೆಯುತ್ತಿತ್ತು. ಅಲ್ಲಿ ಸುಟ್ಟುಹೋಗುವಂಥ ಎಲೆಕ್ಟ್ರಾನಿಕ್ಸ್ ಇರಲಿಲ್ಲ. ಈಗಿನ ಕಾರಿನಲ್ಲಿ ವೋಲ್ಟೇಜಿನ ಏರಿಳಿತವನ್ನು ನುಂಗಿಕೊಳ್ಳುವುದೂ ಬ್ಯಾಟರಿಯ ಕೆಲಸವೇ. ಜೋರಾಗಿ ಚಾರ್ಜ್ ಆಗುತ್ತಿರುವಾಗ ಅದನ್ನು ಬಿಡಿಸಿದರೆ ಕ್ಷಣಮಾತ್ರದಲ್ಲಿ ವೋಲ್ಟೇಜ್ ಹತ್ತಾರು ವೋಲ್ಟಿನಷ್ಟು ಜಿಗಿದು, ಡಯೋಡು, ರೆಗ್ಯುಲೇಟರು, ಎಂಜಿನ್ನಿನ ಕಂಪ್ಯೂಟರಾದ ಇಸಿಯು ಯಾವುದನ್ನಾದರೂ ಸುಡಬಹುದು.

ಅಪಾಯ ಹಾಗಿರಲಿ, ಈ ಪರೀಕ್ಷೆ ಕೊಡುವ ಉತ್ತರವೇ ನೆಚ್ಚುವಂಥದ್ದಲ್ಲ. ಎಂಜಿನ್ ಓಡಲು 12 ವೋಲ್ಟ್ ಸಾಕು. ಬ್ಯಾಟರಿ ತುಂಬಲು ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಬೇಕು. ಸೊರಗಿದ ಆಲ್ಟರ್ನೇಟರೂ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಚೆನ್ನಾಗಿರುವುದು ಫೇಲಾಗುವುದೂ ಉಂಟು: ಅನೇಕ ಕಾರುಗಳಲ್ಲಿ ಆಲ್ಟರ್ನೇಟರ್ ಎಚ್ಚರಗೊಳ್ಳಲು ಬೇಕಾದ ಮೊದಲ ಕರೆಂಟು ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪದ ಮೂಲಕ ಬರುತ್ತದೆ. ಆ ಬಲ್ಬು ಹೋಗಿದ್ದರೆ ಎಂಜಿನ್ ನಿಲ್ಲುತ್ತದೆ, ಸಾವಿರಾರು ರೂಪಾಯಿಯ ಆಲ್ಟರ್ನೇಟರ್ ಬದಲಾಗುತ್ತದೆ, ದೋಷ ಇದ್ದಲ್ಲೇ ಉಳಿಯುತ್ತದೆ. ಕೀ ತಿರುಗಿಸಿದಾಗ ಆ ದೀಪ ಹತ್ತಿತೇ ಎಂದು ನೋಡಿದ್ದರೆ ಸಾಕಿತ್ತು. ಇನ್ನು ಟರ್ಮಿನಲ್ ಮೇಲೆ ಬೂಷ್ಟಿನಂತೆ ಕಟ್ಟಿಕೊಂಡ ಬಿಳಿ-ಹಸಿರು ಪುಡಿ ಚಾರ್ಜನ್ನು ತಡೆದಿದ್ದರೆ, ತಪ್ಪು ಹೊರುವುದು ಬ್ಯಾಟರಿ. ಹೊಸ ಬ್ಯಾಟರಿಗೆ ಅದೇ ಕೊಳಕು ಕ್ಲ್ಯಾಂಪು ಬಿಗಿಯುತ್ತಾರೆ.

ಅನುಭವಸ್ಥರ ಕೈಗೆ ಮೀಟರ್ ಬೇಕಿಲ್ಲ ಎಂಬ ಮಾತಿದೆ. ಬೆಲ್ಟಿನ ಕಿರುಚಾಟ, ಬೇರಿಂಗಿನ ಗೊರಗೊರ ಸದ್ದು ಹಿಡಿಯಲು ಅನುಭವವೇ ಬೇಕು, ಒಪ್ಪುತ್ತೇನೆ, ಆದರೆ 12.4 ವೋಲ್ಟಿಗೂ 14.2 ವೋಲ್ಟಿಗೂ ಇರುವ ವ್ಯತ್ಯಾಸ ಯಾವ ಕಿವಿಗೂ ಕೇಳಿಸದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಈಚಿನ ಹಲವು ಕಾರುಗಳಲ್ಲಿ ಇಂಧನ ಉಳಿಸಲೆಂದು ಇಸಿಯುವೇ ವೋಲ್ಟೇಜ್ ಇಳಿಸುತ್ತದೆ, ಹಾಗಾಗಿ ಮೀಟರೂ ದಾರಿ ತಪ್ಪಿಸಬಹುದು. ನಿಜ, ಒಂದು ಅಂಕಿ ನೋಡಿ ತೀರ್ಮಾನಿಸಿದರೆ ಅದೂ ಟರ್ಮಿನಲ್ ಕಳಚುವಷ್ಟೇ ಅವಸರದ ಕೆಲಸ. ಹೆಡ್‌ಲೈಟು, ಬ್ಲೋವರ್ ಹಾಕಿ, ಎಂಜಿನ್ ವೇಗ ಏರಿಸಿ, ಅಂಕಿ ಹೇಗೆ ಬದಲಾಗುತ್ತದೆ ಎಂದು ನೋಡಬೇಕು. ಕಂಪನಿಯ ಕೈಪಿಡಿಯ ಅಂಕಿಯೊಡನೆ ಹೋಲಿಸಬೇಕು. ಅದೇ ಲೋಡಿನಲ್ಲಿ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಸೀಸದ ಕಂಬಕ್ಕೂ ಇನ್ನೊಂದನ್ನು ಅದನ್ನು ತಬ್ಬಿರುವ ಕ್ಲ್ಯಾಂಪಿಗೂ ಒತ್ತಿ ಹಿಡಿಯಬೇಕು. ಎರಡರ ನಡುವೆ ಸೊನ್ನೆಯ ಹತ್ತಿರ ಇರಬೇಕಾದ ಅಂಕಿ ಅರ್ಧ ವೋಲ್ಟ್ ತೋರಿಸಿದರೆ, ಬೇಕಿರುವುದು ಹೊಸ ಬ್ಯಾಟರಿಯೂ ಅಲ್ಲ, ಆಲ್ಟರ್ನೇಟರೂ ಅಲ್ಲ. ಒಂದು ತುಂಡು ಉಪ್ಪುಕಾಗದ.