ಕ್ಷಯದ ಲಸಿಕೆಯಲ್ಲಿ ‘ಉದ್ದೀಪನ’: ಒಂದು ಪರಿಭಾಷಾವಿಮರ್ಶೆ

ಬಸವಕಲ್ಯಾಣವು ಲಕ್ಷಣನಿರ್ಣಯಕ್ಕೆ ಹೆಸರಾದ ಸ್ಥಳ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ‘ದಾಯ’ವೆಂಬ ಒಂದು ಶಬ್ದಕ್ಕೆ ಹೇಳಿದ ಲಕ್ಷಣದ ಮೇಲೆಯೇ ಭರತಖಂಡದ ಬಹುಭಾಗದ ದಾಯವಿಭಾಗವು ಶತಮಾನಗಳವರೆಗೆ ನಿಂತಿತು. ಅದೇ ರಾಜವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಕನ್ನಡದಲ್ಲಿ ರಚಿಸಿ, ವೈದ್ಯಕ್ಕೆ ದೇಶಭಾಷೆ ಸಾಲದೆಂಬ ಶಂಕೆಯನ್ನು ಅಂದೇ ಪರಿಹರಿಸಿದನು. ಇಂದು ಆ ಕಲ್ಯಾಣದಲ್ಲಿಯೂ ನೆರೆಯ ಹುಮನಾಬಾದಿನಲ್ಲಿಯೂ ಕ್ಷಯದ ಹೊಸ ಲಸಿಕೆಗಳನ್ನು ಕುರಿತು ಕನ್ನಡದಲ್ಲಿ ಬೋಧಿಸಹೊರಟವರಿಗೆ ಒಂದು ಪದದ ತೊಡಕು ಎದುರಾಗುತ್ತದೆ. ‘ಅಡ್ಜುವೆಂಟ್’ ಎಂಬುದಕ್ಕೆ ಕನ್ನಡವೇನು?

ಮೊದಲು ವಸ್ತುವನ್ನು ತಿಳಿಯಬೇಕು. ಕಾಲ್ಮೆತ್ ಮತ್ತು ಗೆರಾಂ ಎಂಬ ಫ್ರೆಂಚ್ ವಿದ್ವಾಂಸರು ದನಗಳ ಕ್ಷಯಾಣುವನ್ನು ೧೯೦೮ರಿಂದ ಬಹುಕಾಲ ಪಳಗಿಸಿ ಪಡೆದ ಬಿ.ಸಿ.ಜಿ. ಲಸಿಕೆಯು ೧೯೨೧ರಲ್ಲಿ ಮೊದಲು ಮನುಷ್ಯಶಿಶುವಿಗೆ ಪ್ರಯೋಗವಾಯಿತು. ಅದು ಸಜೀವವಾದುದರಿಂದ ದೇಹದ ರಕ್ಷಣಶಕ್ತಿಯನ್ನು ತಾನೇ ಎಚ್ಚರಿಸುತ್ತದೆ. ಶಿಶುಗಳ ಮೆದುಳುಪೊರೆಯ ಕ್ಷಯವನ್ನು ಅದು ತಡೆಯುವುದಾದರೂ, ೧೯೬೮ರಲ್ಲಿ ತೊಡಗಿದ ಚಿಂಗಲ್‌ಪಟ್ಟಿನ ಪರೀಕ್ಷೆಯಲ್ಲಿ ವಯಸ್ಕರ ಶ್ವಾಸಕೋಶದ ಕ್ಷಯಕ್ಕೆ ರಕ್ಷೆಯಾಗಲಿಲ್ಲ. ಹೊಸ ಲಸಿಕೆಗಳಲ್ಲಿ ಕೆಲವು ಕ್ಷಯಾಣುವಿನ ಆಯ್ದ ಪ್ರೋಟೀನನ್ನು ಮಾತ್ರ ಕೊಡುತ್ತವೆ. ಅದು ನಿರಪಾಯವಾದರೂ ದೇಹವು ಅದನ್ನು ಅಷ್ಟಾಗಿ ಗಮನಿಸದು. ಆದುದರಿಂದ ಇನ್ನೊಂದು ದ್ರವ್ಯ ಬೇಕಾಗುತ್ತದೆ. ‘ಎಂ೭೨’ ಲಸಿಕೆಯಲ್ಲಿ ಚಿಲಿ ದೇಶದ ಕ್ವಿಲ್ಲಾಜ ಮರದ ತೊಗಟೆಯ ಸಾರವನ್ನೂ ಬ್ಯಾಕ್ಟೀರಿಯಾಮೂಲದ ಒಂದು ಸ್ನಿಗ್ಧಾಂಶವನ್ನೂ ನ್ಯಾನೋ ಪ್ರಮಾಣದ ಸ್ನೇಹಕಣಗಳಲ್ಲಿ ಸೇರಿಸಿರುತ್ತಾರೆ. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ನ್ಯಾನೋಮೀಟರು.

ಸಂಸ್ಕೃತಜ್ಞರಿಗೆ ಒಡನೆ ‘ಅನುಪಾನ’ವು ನೆನಪಾಗುವುದು ಸಹಜ. ಆದರೆ ಔಷಧದೊಡನೆ ಸೇವಿಸುವ ಬಿಸಿನೀರೂ ಅನುಪಾನವೇ ಆದುದರಿಂದ ಇಲ್ಲಿ ಅತಿವ್ಯಾಪ್ತಿದೋಷ ಬರುತ್ತದೆ. ಜೇನಿನಂತೆ ‘ಯೋಗವಾಹಿ’ ಎನ್ನೋಣವೆಂದರೆ, ಅದು ಕೂಡಿದ ದ್ರವ್ಯದ ಗುಣವನ್ನು ಹೊರುವುದನ್ನಷ್ಟೇ ಹೇಳುತ್ತದೆ. ಎಚ್ಚರಿಸುವ ಕಾರ್ಯವು ಬಿಟ್ಟುಹೋಗಿ ಅವ್ಯಾಪ್ತಿಯಾಗುತ್ತದೆ. ‘ಸಹಾಯಕ’ವು ಲ್ಯಾಟಿನ್ ಮೂಲಕ್ಕೆ ಸಮೀಪವಾದರೂ ಯಾವ ಸಹಾಯವೆಂಬುದನ್ನು ತಿಳಿಸದು.

ಅಲಂಕಾರಶಾಸ್ತ್ರದ ‘ಉದ್ದೀಪನ’ವೇ ಇಲ್ಲಿ ಯುಕ್ತವಾದುದು. ರಸಕ್ಕೆ ನಾಯಕನಾಯಿಕೆಯರು ಆಲಂಬನವಿಭಾವ. ಚಂದ್ರೋದಯ, ಮಲಯಮಾರುತಗಳು ಉದ್ದೀಪನವಿಭಾವ. ಆಲಂಬನವಿಲ್ಲದ ಉದ್ದೀಪನವು ನಿರ್ವಿಷಯ. ಉದ್ದೀಪನವಿಲ್ಲದ ಆಲಂಬನವು ದುರ್ಬಲ. ಹಾಗೆಯೇ ಕ್ಷಯಾಣುವಿನ ಪ್ರೋಟೀನು ‘ಯಾವುದನ್ನು ಎದುರಿಸಬೇಕು’ ಎಂಬುದನ್ನು ತೋರಿಸುತ್ತದೆ. ಉದ್ದೀಪಕವು ‘ಎದುರಿಸು’ ಎಂದು ಪ್ರೇರಿಸುತ್ತದೆ. ನ್ಯಾನೋಕಣವು ಕೆಲವೆಡೆ ವಾಹಕ ಮಾತ್ರ, ಕೆಲವೆಡೆ ಉದ್ದೀಪಕವೂ ಹೌದು. ಈ ಎರಡನ್ನು ಒಂದೇ ಶಬ್ದದಲ್ಲಿ ಬೆರೆಸಲಾಗದು.

ದೃಷ್ಟಾಂತಕ್ಕೂ ಎಲ್ಲೆಯುಂಟು. ಕಾವ್ಯದಲ್ಲಿ ಅತಿಯಾದ ಉದ್ದೀಪನವು ಔಚಿತ್ಯಭಂಗ. ದೇಹದಲ್ಲಿ ಅದು ಹಿಂಸೆ. ಕೊಂದ ಕ್ಷಯಾಣುಗಳನ್ನು ಎಣ್ಣೆಯಲ್ಲಿ ಬೆರೆಸಿದ ಫ್ರಾಯಿಂಡನ ಉದ್ದೀಪಕವು ಅತಿ ಪ್ರಬಲವಾಗಿದ್ದರೂ ವ್ರಣಕಾರಿಯಾದುದರಿಂದ ಮನುಷ್ಯರಿಗೆ ಸಲ್ಲಲಿಲ್ಲ. ಫಲವಿಚಾರದಲ್ಲಿಯೂ ಅತಿಶಯೋಕ್ತಿ ಸಲ್ಲದು. ೨೦೧೯ರಲ್ಲಿ ಪ್ರಕಟವಾದ ‘ಎಂ೭೨’ ಪರೀಕ್ಷೆಯಲ್ಲಿ, ಕ್ಷಯಾಣು ಸುಪ್ತವಾಗಿದ್ದ ವಯಸ್ಕರಿಗೆ ಮೂರು ವರ್ಷಗಳಲ್ಲಿ ದೊರೆತ ರಕ್ಷೆ ಸುಮಾರು ನೂರಕ್ಕೆ ೫೦. ಅಲ್ಲಿ ಹೋಲಿಸಿದ್ದು ನಿರ್ಗುಣದ್ರವ್ಯದೊಡನೆ. ಉದ್ದೀಪಕದ ಪಾಲೆಷ್ಟೆಂಬುದು ಅದರಿಂದ ಬೇರ್ಪಟ್ಟು ತಿಳಿಯದು. ದೊಡ್ಡ ಪರೀಕ್ಷೆಯು ೨೦೨೪ರಲ್ಲಿ ಆರಂಭವಾಯಿತು.

‘ಅನುಪಾನ’ವೆಂದು ಕಲಿತ ವಿದ್ಯಾರ್ಥಿಯು ಅದನ್ನು ಬಿಟ್ಟರೂ ನಡೆದೀತೆಂದು ತಿಳಿಯುವನು, ‘ಉದ್ದೀಪಕ’ವೆಂದು ಕಲಿತವನು ಅದರ ಅವಶ್ಯಕತೆಯನ್ನೂ ಅಪಾಯವನ್ನೂ ಒಟ್ಟಿಗೆ ಅರಿಯುವನು. ಮಿತಾಕ್ಷರೆಯ ನೆಲದಲ್ಲಿ ಪರಿಭಾಷೆಗೆ ಇದಕ್ಕಿಂತ ಕಡಮೆಯಾದ ಒರೆಗಲ್ಲು ಒಪ್ಪದು.